ಟೋಬಿ ತಡವರಿಸಿದ ಜಾಗ

ತಮ್ಮಾ, ಈ ಸಲದ ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲೂ ನಿನ್ನ ನಂಬರು ಇಲ್ಲ, ಕಲಬುರಗಿಯ ರೂಮು ಬಿಟ್ಟು ಕಮಲಾಪುರಕ್ಕೆ ಬಂದುಬಿಡುತ್ತೀ ಅಂತ ನಿಮ್ಮವ್ವ ಹೇಳಿದಳು. ಬಾ, ಮನೆ ನಿನ್ನದೇ. ಆದರೆ ಪುಸ್ತಕ ರದ್ದಿಗೆ ಹಾಕುವ ಮುಂಚೆ ನನ್ನದೊಂದು ಮಾತು ಕೇಳು.

ಮೊನ್ನೆ ದವಾಖಾನೆಗೆ ಹೋದವನು ಹಿಂದಿರುಗುವಾಗ ಹುಮನಾಬಾದ್ ಬಸ್ಸಿನಲ್ಲಿ ಕಾನನ್ ಡಾಯ್ಲ್ ಬರೆದ ‘ದಿ ಸೈನ್ ಆಫ್ ಫೋರ್’ ಓದುತ್ತ ಕುಂತಿದ್ದೆ. ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಎರಡನೇ ಕಾದಂಬರಿ, 1890ರದು. ಮಹಾಗಾಂವ್ ಕ್ರಾಸ್ ದಾಟಿದ್ದೇ ಗೊತ್ತಾಗಲಿಲ್ಲ.

ಅದರಲ್ಲಿ ಟೋಬಿ ಅಂತ ಒಂದು ನಾಯಿ. ಆರೋಪಿಯ ಕಾಲಿಗೆ ಮೆತ್ತಿದ ಡಾಂಬರಿನಂಥ ಎಣ್ಣೆಯ ವಾಸನೆ ಹಿಡಿದು ಲಂಡನ್ನಿನ ಓಣಿ ಓಣಿ ಸುತ್ತಿ, ಕಡೆಗೆ ಕಟ್ಟಿಗೆ ಅಡ್ಡೆಯೊಂದರಲ್ಲಿ ಅದೇ ಎಣ್ಣೆಯ ಪೀಪಾಯಿ ಮುಂದೆ ಹೆಮ್ಮೆಯಿಂದ ನಿಲ್ಲುತ್ತದೆ. ಅಷ್ಟು ದೂರ ನಡೆದದ್ದೆಲ್ಲ ವ್ಯರ್ಥ. ಹೋಮ್ಸ್ ನಾಯಿಯನ್ನು ಬೈಯಲಿಲ್ಲ, ಹೊರಟ ಮನೆಗೂ ವಾಪಸಾಗಲಿಲ್ಲ. ನಡುವೆ ಒಂದು ಕಡೆ ನಾಯಿ ತಡವರಿಸಿತ್ತು. ಎರಡು ವಾಸನೆ ಕೂಡಿದ ಜಾಗ ಅದು. ಅಲ್ಲಿಗೇ ಒಯ್ದು ಬಿಟ್ಟ. ಟೋಬಿ ಸರಿದಾರಿ ಹಿಡಿದು ನದಿ ದಂಡೆ ಮುಟ್ಟಿತು. ಮುಂದೆ ನೀರು, ವಾಸನೆ ಮುಗಿಯಿತು. ಮತ್ತೆ ದಿನಗಟ್ಟಲೆ ದೋಣಿ ಹುಡುಕಾಟ.

ಬರೆದವನ ಪಾಡೂ ಅದೇ. ಮೊದಲ ಪುಸ್ತಕವನ್ನು ಪ್ರಕಾಶಕರು ತಿರಸ್ಕರಿಸಿ, ಕಡೆಗೆ ಒಬ್ಬರು 25 ಪೌಂಡಿಗೆ ಪೂರ್ತಿ ಹಕ್ಕು ಬರೆಸಿಕೊಂಡರು. ಎರಡನೆಯದೂ ದೊಡ್ಡ ಹೆಸರು ತರಲಿಲ್ಲ. 1891ರಲ್ಲಿ ಅದೇ ಪತ್ತೇದಾರನನ್ನಿಟ್ಟು ಸಣ್ಣ ಕತೆ ಬರೆದ. ಆಗ ಜನ ಮುಗಿಬಿದ್ದರು.

ನೀನು ದಿನಕ್ಕೆ ಹತ್ತು ತಾಸು ಓದಿದ್ದು ನನಗೆ ಗೊತ್ತು. ಆದರೆ ಸೋತ ಮೇಲೆ ಮತ್ತೆ ಮೊದಲ ಪುಟದಿಂದಲೇ ಶುರು ಮಾಡಿದಿ. ಎಲ್ಲಿ ಕೈ ತಡವರಿಸಿತು ಅಂತ ನೋಡಲೇ ಇಲ್ಲ. ಹಾಗೆ ನೋಡುವುದಕ್ಕೆ ಎದೆಗಾರಿಕೆ ಬೇಕು. ತನ್ನ ತಪ್ಪಿನ ಎದುರು ಕೂಡುವುದು ಸುಲಭವಲ್ಲ.

ಮತ್ತೆ ಬುಡದಿಂದ ಶುರು ಮಾಡಬೇಕಿಲ್ಲ ಅನ್ನುವುದನ್ನು ನಮ್ಮ ತೋಟದಲ್ಲೂ ನೋಡು: ಕೆಂಪು ಬಾಳೆ ಗೊನೆ ಕೊಡಲು ವರ್ಷ ಮೀರುತ್ತದೆ. ಗೊನೆ ಕಡಿದ ಮೇಲೆ ಅಪ್ಪ ಬೇರು ಕೀಳುತ್ತಿರಲಿಲ್ಲ, ಬುಡದ ಮರಿಯನ್ನು ಉಳಿಸಿಕೊಳ್ಳುತ್ತಿದ್ದ.

ರವಿವಾರ ಸೋತ ಪರೀಕ್ಷೆಗಳ ಪ್ರಶ್ನೆಪತ್ರಿಕೆ ತಗೊಂಡು ತೋಟಕ್ಕೆ ಬಾ. ಒಂದೊಂದೇ ಪ್ರಶ್ನೆ ಇಬ್ಬರೂ ಕೂಡಿ ನೋಡೋಣ. ರೂಮಿನ ಕೀಲಿ ಮಾತ್ರ ಮಾಲಕರಿಗೆ ಈಗಲೇ ಕೊಡಬೇಡ.