ಎಳ್ಳಿನಷ್ಟು ವ್ಯತ್ಯಾಸ

'ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ' ಎಂಬುದು ನಮ್ಮ ಹಿರಿಯರ ಮಾತು. ಅಲ್ಪವೆಂದು ಯಾವುದನ್ನೂ ಕಡೆಗಣಿಸಬಾರದೆಂಬುದೇ ಅದರ ತಿರುಳು. ಭಾಷೆಯಲ್ಲಿಯೂ ಹಾಗೆಯೇ. ಒಂದೇ ಒಂದು ಅಕ್ಷರ ಬಿಟ್ಟುಹೋದರೆ ಅರ್ಥವೇ ತಲೆಕೆಳಗಾಗುವುದುಂಟು.

ಗೋವೆಯಲ್ಲಿ ಬೆಳೆಯುವ ನಮ್ಮ ಮಕ್ಕಳ ಕಿವಿಗೆ ದಿನವೂ ನಾಲ್ಕಾರು ಭಾಷೆಗಳು ಬೀಳುತ್ತವೆ. ಮನೆಯಲ್ಲಿ ಅವ್ವ 'ಒಂದೀಟು ನೀರು ಕೊಡು' ಎನ್ನುತ್ತಾಳೆ. ನೆರೆಮನೆಯವರು ಕೊಂಕಣಿಯಲ್ಲಿ 'ಇಲ್ಲೆಂ ಉದಕ್' ಎನ್ನುತ್ತಾರೆ. ಊರಿನಿಂದ ಹೊಸದಾಗಿ ಬಂದವರಿಗೆ ಈ 'ಇಲ್ಲೆಂ' ನಮ್ಮ 'ಇಲ್ಲ'ದಂತೆಯೇ ಕೇಳಿಸುತ್ತದೆ. ಅದರ ಅರ್ಥವಾದರೋ 'ಸ್ವಲ್ಪ'. ಇಂಥದೇ ತೊಡಕು ಇಂಗ್ಲಿಷಿನಲ್ಲಿಯೂ ಇದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸದ ಸಂದರ್ಶನಕ್ಕೆ ಹೋಗಿದ್ದ. 'ಇಂಗ್ಲಿಷ್ ಬರುತ್ತದೆಯೇ?' ಎಂದು ಕೇಳಿದಾಗ 'ಐ ನೋ ಲಿಟ್ಲ್ ಇಂಗ್ಲಿಷ್' ಎಂದನಂತೆ. 'ಸ್ವಲ್ಪ ಬರುತ್ತದೆ' ಎಂಬುದು ಅವನ ಮನಸ್ಸಿನಲ್ಲಿದ್ದ ಮಾತು. ಹೊರಬಿದ್ದ ಮಾತಿನ ಅರ್ಥ 'ಬರುವುದೇ ಇಲ್ಲವೆನ್ನಬಹುದು' ಎಂದಾಯಿತು. 'ಲಿಟ್ಲ್' ಎಂಬುದರ ಹಿಂದೆ 'ಎ' ಸೇರಿಸಿದ್ದರೆ ಸಾಕಿತ್ತು.

ಆದ್ದರಿಂದ ಮಕ್ಕಳೇ, ಈ ನಿಯಮಗಳನ್ನು ನೆನಪಿಡಿರಿ.

1. ನೀರು, ಹಾಲು, ಸಮಯ, ಹಣ ಮೊದಲಾದ ಎಣಿಸಲಾಗದವುಗಳಿಗೆ 'ಲಿಟ್ಲ್'. ಪುಸ್ತಕ, ಗೆಳೆಯರು, ದಿನಗಳು ಮೊದಲಾದ ಎಣಿಸಬಹುದಾದವುಗಳಿಗೆ 'ಫ್ಯೂ'. ನೋಟು ನಾಣ್ಯಗಳನ್ನು ಎಣಿಸಬಹುದು. ಆದರೆ 'ಮನಿ' ಎಂಬ ಪದ ಎಣಿಕೆಗೆ ಸಿಗುವುದಿಲ್ಲ.

2. 'ಎ' ಇದ್ದರೆ ಮಾತು 'ಇದೆ'ಯ ಕಡೆಗೆ. 'ಎ' ಇಲ್ಲದಿದ್ದರೆ 'ಇಲ್ಲ'ದ ಕಡೆಗೆ. 'ಎ ಫ್ಯೂ ಫ್ರೆಂಡ್ಸ್' ಎಂದರೆ ಕೆಲವರು ಗೆಳೆಯರಿದ್ದಾರೆ. ಬರಿಯ 'ಫ್ಯೂ ಫ್ರೆಂಡ್ಸ್' ಎಂದರೆ ಗೆಳೆಯರು ಹೆಚ್ಚೇನೂ ಇಲ್ಲ.

3. ಕನ್ನಡದಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಅಲ್ಪದ ಅಳತೆಯುಂಟು: ಉಪ್ಪು ಚಿಟಿಕೆ, ಎಣ್ಣೆ ಹನಿ, ಚಹ ಗುಟುಕು, ಅನ್ನ ಅಗುಳು. ಇಂಗ್ಲಿಷಿನಲ್ಲಿಯೂ ಉಪ್ಪಿಗೆ 'ಪಿಂಚ್', ಎಣ್ಣೆಗೆ 'ಡ್ರಾಪ್', ಚಹಕ್ಕೆ 'ಸಿಪ್', ಅಕ್ಕಿಗೆ 'ಗ್ರೇನ್'. ಬೆಳಿಗ್ಗೆ ಸೈಕಲ್ಲಿನ ಮೇಲೆ ಬರುವ ಪಾವಿನ ಪುಡಿಚೂರಿಗೆ 'ಕ್ರಂಬ್'. ಧೂಳಿನ ಕಣಕ್ಕೆ 'ಸ್ಪೆಕ್'.

4. 'ನನಗೆ ಎಳ್ಳಷ್ಟೂ ಸಂಶಯವಿಲ್ಲ' ಎನ್ನುತ್ತೇವಲ್ಲವೇ? ಇಂಗ್ಲಿಷರು ಇಲ್ಲಿ 'ಅಯೋಟ' ಎನ್ನುತ್ತಾರೆ. ಅದು ಗ್ರೀಕ್ ಲಿಪಿಯ ಅತಿ ಸಣ್ಣ ಅಕ್ಷರದ ಹೆಸರು. ನಾವು ಕಾಳನ್ನು ನೋಡಿ ಅಳೆದೆವು, ಅವರು ಅಕ್ಷರವನ್ನು ನೋಡಿ ಅಳೆದರು. ಎರಡೂ ಹೆಚ್ಚಾಗಿ 'ಇಲ್ಲ' ಎಂಬ ಮಾತಿನ ಜೊತೆಗೇ ಬರುತ್ತವೆ.

ಪಾಲಕರಿಗೂ ಒಂದು ಮಾತು. ಅಲ್ಪದ ಅಳತೆಯಲ್ಲಿ ತಪ್ಪಬಾರದ ಸ್ಥಳವೆಂದರೆ ಔಷಧದ ಸೀಸೆ. 'ಟೀ ಸ್ಪೂನ್' ಎಂದರೆ 5 ಮಿಲಿಲೀಟರ್, 'ಟೇಬಲ್ ಸ್ಪೂನ್' ಎಂದರೆ 15 ಮಿಲಿಲೀಟರ್. ಎರಡೂ ಚಮಚೆಯೇ ಎಂದು ತಿಳಿದರೆ ಮಗುವಿಗೆ ಮೂರು ಪಟ್ಟು ಔಷಧ ಹೋದೀತು. ಗುಳಿಗೆಯ ಮೇಲಿನ 'ಮಿಲಿಗ್ರಾಂ' ಒಂದು ಗ್ರಾಮಿನ ಸಾವಿರದ ಒಂದು ಪಾಲು. 'ಮೈಕ್ರೋಗ್ರಾಂ' ಅದರಲ್ಲಿಯೂ ಸಾವಿರದ ಒಂದು ಪಾಲು. ಅಡಿಗೆಮನೆಯ ಚಮಚೆ ಬಿಟ್ಟು, ಸೀಸೆಯ ಜೊತೆಗೆ ಬರುವ ಅಳತೆಯ ಮುಚ್ಚಳವನ್ನೇ ಬಳಸಿರಿ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿರಿ, ಸಂಶಯವಿದ್ದರೆ ಔಷಧದ ಅಂಗಡಿಯವರನ್ನು ಕೇಳಿರಿ. ಕೇಳಲು ನಾಚಿಕೆ ಬೇಡ.

ಅಭ್ಯಾಸ: ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆದು ನಿಮ್ಮ ಗುರುಗಳಿಗೆ ತೋರಿಸಿರಿ.
ಅ) ಕೊಡದಲ್ಲಿ ಸ್ವಲ್ಪ ನೀರಿದೆ.
ಆ) ಕೊಡದಲ್ಲಿ ನೀರು ಹೆಚ್ಚೇನೂ ಇಲ್ಲ.
ಇ) ಪರೀಕ್ಷೆಗೆ ಇನ್ನು ಕೆಲವು ದಿನಗಳಿವೆ.

ಮೂರನೆಯ ವಾಕ್ಯವನ್ನು ಬರೆಯುವಾಗ 'ಎ' ಅಕ್ಷರವನ್ನು ಮರೆಯಬೇಡಿರಿ. ಮರೆತರೆ ಓದಲು ದಿನಗಳೇ ಉಳಿಯಲಿಲ್ಲವೆಂದು ನೀವೇ ಒಪ್ಪಿಕೊಂಡಂತಾದೀತು!