ಸಂಘದ ದಾಖಲೆ – ಸದಸ್ಯರ ಹಕ್ಕಿನ ಆಧಾರ



ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಮೊಳಹಳ್ಳಿ ಶಿವರಾಯರ ಮುಂದಾಳುತನದಲ್ಲಿ ಹುಟ್ಟಿದ್ದು ಪುತ್ತೂರಿನಲ್ಲಿ. ಸಹಕಾರಕ್ಕೆ ಅಂದಿಗೂ ಇಂದಿಗೂ ನಂಬಿಕೆಯೇ ಬಂಡವಾಳ. ಆ ನಂಬಿಕೆ ನಿಲ್ಲುವುದು ಸರಿಯಾದ ಲೆಕ್ಕದ ಮೇಲೆ. ದಾಖಲೆ ಕಾರ್ಯದರ್ಶಿಯವರ ಕೆಲಸವೆಂದು ನಾವು ಸುಮ್ಮನಿರುವಂತಿಲ್ಲ.

ಒಂದು ಉದಾಹರಣೆ ನೋಡೋಣ. ನೀವು ಹಾಕಿದ್ದು 4.2 ಲೀಟರ್, ಬರೆದದ್ದು 2.4 ಎಂದಿರಲಿ. ಲೀಟರಿಗೆ 35 ರೂ. ಎಂದು ಹಿಡಿದರೆ ಒಂದೇ ಹೊತ್ತಿಗೆ 63 ರೂ. ನಷ್ಟ. ಅಷ್ಟಕ್ಕೇ ಮುಗಿಯುವುದಿಲ್ಲ. 2008ರಲ್ಲಿ ಲೀಟರಿಗೆ 2 ರೂ.ನಂತೆ ಆರಂಭವಾದ ಸರ್ಕಾರದ ಪ್ರೋತ್ಸಾಹಧನಕ್ಕೂ, ವರ್ಷದ ಕೊನೆಯ ಬೋನಸ್ಸಿಗೂ ಇದೇ ಲೆಕ್ಕ ಆಧಾರ. ಚುನಾವಣೆಯ ಮತದಾರರ ಪಟ್ಟಿ ಮಾಡುವಾಗಲೂ ಹಾಲು ಹಾಕಿದ ಲೆಕ್ಕ ಹಾಗೂ ಮಹಾಸಭೆಯ ಹಾಜರಿ ಪುಸ್ತಕ ನೋಡುತ್ತಾರೆ. ಸಹಿ ಹಾಕದೆ ಬಂದವರು ಸಭೆಗೆ ಬಂದಿದ್ದರೆಂಬುದಕ್ಕೆ ಸಾಕ್ಷಿ ಎಲ್ಲಿದೆ?

ಸಂಘದಲ್ಲಿ ಗಮನಿಸಬೇಕಾದ ಅಂಶಗಳು:

1. ಆಯಾ ಹೊತ್ತಿನ ಹಾಲಿನ ಪ್ರಮಾಣ, ಜಿಡ್ಡು, ಜಿಡ್ಡೇತರ ಘನಾಂಶಗಳನ್ನು ಆಗಲೇ ಬರೆಯಬೇಕು. ನೆನಪಿನಿಂದ ಮರುದಿನ ಬರೆಯಬಾರದು.

2. ತಪ್ಪಾದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಮಾಡಬೇಕು. ಅಂಕಿಯ ಮೇಲೆ ಅಂಕಿ ತಿದ್ದಬಾರದು.

3. ನಗದು ಪುಸ್ತಕ, ಪಶು ಆಹಾರದ ದಾಸ್ತಾನು, ಷೇರು ರಿಜಿಸ್ಟರ್, ನಡವಳಿ ಪುಸ್ತಕಗಳಿಗೆ ವರ್ಷವಾರು ಚೀಟಿ ಅಂಟಿಸಿ, ಕೇಳಿದ ಕೂಡಲೇ ಸಿಗುವಂತೆ ಇಡಬೇಕು.

4. ಪುತ್ತೂರು, ಸುಳ್ಯ, ಕಡಬಗಳ ಮಳೆಗಾಲದಲ್ಲಿ ಪುಸ್ತಕಕ್ಕೆ ಒರಲೆ ಮತ್ತು ಬೂಸಲು ದೊಡ್ಡ ಶತ್ರುಗಳು. ಕಪಾಟನ್ನು ಗೋಡೆಗೆ ತಾಗಿಸದೆ, ನೆಲದಿಂದ ಎತ್ತರದಲ್ಲಿಡಿ. ಬಿಸಿಲು ಬಂದಾಗ ಬಾಗಿಲು ತೆರೆದು ಗಾಳಿಯಾಡಿಸಿ.

5. ಗಣಕಯಂತ್ರವಿದ್ದರೆ ಅದರ ಲೆಕ್ಕದ ಪ್ರತಿಯನ್ನು ಬೇರೆ ಕಡೆಯೂ ಇಡಬೇಕು. ಸಿಡಿಲಿಗೆ ಯಂತ್ರ ಸುಟ್ಟರೆ ಅದರೊಳಗಿನ ಲೆಕ್ಕವೂ ಹೋದೀತು.

6. ಹಳೆಯ ಪುಸ್ತಕಗಳನ್ನು ನಿಯಮದ ಅವಧಿ ಮುಗಿಯದೆ, ಆಡಳಿತ ಮಂಡಳಿಯ ನಿರ್ಣಯವಿಲ್ಲದೆ ವಿಲೇವಾರಿ ಮಾಡಬಾರದು.

ಇನ್ನು ನಿಮ್ಮ ಪಾಲಿನ ಕೆಲಸ. ಚೀಟಿಯನ್ನು ಸಂಘದ ಮೆಟ್ಟಿಲಿಳಿಯುವ ಮೊದಲೇ ಓದಿ. ನುಣುಪು ಕಾಗದದ ಚೀಟಿಯಲ್ಲಿ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಆದ್ದರಿಂದ ಪಾಸ್ ಪುಸ್ತಕದಲ್ಲಿ ಬರೆಸಿಕೊಳ್ಳಿ. ಬಟವಾಡೆಯ ದಿನ ಕೂಡಿಸಿ, ಬ್ಯಾಂಕಿಗೆ ಜಮೆಯಾದ ಹಣದೊಂದಿಗೆ ತಾಳೆ ನೋಡಿ. ಸದಸ್ಯರು ತೀರಿಕೊಂಡಾಗ ಮನೆಯವರು ಅಲೆದಾಡದಂತೆ ನಾಮನಿರ್ದೇಶನವನ್ನು ಈಗಲೇ ದಾಖಲಿಸಿ.

ವ್ಯತ್ಯಾಸ ಕಂಡರೆ ಅಂದೇ ಕೇಳಿ. ಇದು ಕಾರ್ಯದರ್ಶಿಯವರ ಮೇಲಿನ ಸಂಶಯವಲ್ಲ. ಸರಿಯಾದ ದಾಖಲೆ ಸದಸ್ಯರನ್ನು ಕಾಯುವಂತೆ ಪ್ರಾಮಾಣಿಕ ಕಾರ್ಯದರ್ಶಿಯನ್ನೂ ಸುಳ್ಳು ಆರೋಪದಿಂದ ಕಾಯುತ್ತದೆ.