ಹಾಡುವಾಗ ಉಗ್ಗು ಎಲ್ಲಿ ಹೋಗುತ್ತದೆ?

ತರಗತಿಯಲ್ಲಿ ಹೆಸರು ಕೇಳಿದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಒದ್ದಾಡುವ ಹುಡುಗ, ಬೆಳಗಿನ ಪ್ರಾರ್ಥನೆಯನ್ನು ಸ್ವಲ್ಪವೂ ತಡವರಿಸದೆ ಹಾಡುತ್ತಾನೆ. ಇದನ್ನು ಕಂಡ ಹಿರಿಯರು ‘ಹಾಡಲು ಬರುವ ನಾಲಿಗೆಗೆ ಮಾತನಾಡಲು ಬರುವುದಿಲ್ಲವೆ? ಎಲ್ಲ ಬರೀ ಹಟ’ ಎಂದು ಗದರುವುದುಂಟು. ಇದು ತಪ್ಪು ತಿಳಿವಳಿಕೆ. ಮಾತು, ಹಾಡು ಒಂದೇ ಬಾಯಿಂದ ಹೊರಟರೂ ಅವುಗಳ ಏರ್ಪಾಡು ಬೇರೆ.

ಮಾತನಾಡುವಾಗ ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ಉಚ್ಚರಿಸುತ್ತೇವೆ. ಉಸಿರು, ಧ್ವನಿತಂತುಗಳು, ನಾಲಿಗೆ, ತುಟಿ ಎಲ್ಲವೂ ಹೊಂದಿಕೊಂಡು ಕೆಲಸ ಮಾಡಬೇಕು. ಯಾವ ಪದ, ಯಾವ ಕ್ಷಣದಲ್ಲಿ ಎಂಬುದನ್ನು ಮೆದುಳು ಆಗಿಂದಾಗಲೇ ನಿರ್ಧರಿಸಬೇಕು. ಉಗ್ಗು ಇರುವವರಲ್ಲಿ ಈ ಸಮಯದ ಹೊಂದಾಣಿಕೆಯಲ್ಲೇ ತೊಡಕು.

ಹಾಡಿನಲ್ಲಿ ಈ ಹೊರೆ ಇಳಿಯುತ್ತದೆ. ಪ್ರತಿ ಅಕ್ಷರದ ಸಮಯವನ್ನು ತಾಳ ಮೊದಲೇ ಗೊತ್ತುಮಾಡಿರುತ್ತದೆ. ಸ್ವರಗಳು ದೀರ್ಘವಾಗಿ, ಧ್ವನಿ ಕಡಿಯದೆ ಹರಿಯುವುದರಿಂದ ಮತ್ತೆ ಮತ್ತೆ ಆರಂಭಿಸುವ ಪ್ರಮೇಯ ಕಡಿಮೆ. ಪದಗಳು ಬಾಯಿಪಾಠವಾಗಿರುತ್ತವೆ, ಯಾರಿಗೂ ಉತ್ತರ ಹೇಳಬೇಕಾದ ಆತಂಕವಿಲ್ಲ. ಎಲ್ಲರೊಡನೆ ಮಗ್ಗಿ ಹೇಳುವಾಗಲೂ ಉಗ್ಗು ತಗ್ಗುವುದು ಇಂಥ ಕಾರಣಗಳಿಂದಲೇ. ಮಂಗಳೂರಿನವರ, ಧಾರವಾಡದವರ ಮಾತಿನ ಧಾಟಿ ಹಾಡಿನಲ್ಲಿ ಅಷ್ಟಾಗಿ ಗೊತ್ತಾಗದಿರುವುದೂ ಹೀಗೆಯೇ. ಮಾತಿನ ಏರಿಳಿತದ ಜಾಗವನ್ನು ರಾಗ ತೆಗೆದುಕೊಂಡಿರುತ್ತದೆ.

ಹಾಡು ಸರಾಗವಾಗಿದೆ ಎಂದರೆ ನಾಲಿಗೆ, ಗಂಟಲು ಸರಿಯಾಗಿವೆ ಎಂದರ್ಥ. ಆದ್ದರಿಂದ ಉಗ್ಗಿಗಾಗಿ ಬಜೆ ತೇಯ್ದು ನೆಕ್ಕಿಸುವುದು, ನಾಲಿಗೆಯ ಕೆಳಗಿನ ಪೊರೆ ಕತ್ತರಿಸುವುದು ಪ್ರಯೋಜನವಿಲ್ಲ. ಬಾಯಲ್ಲಿ ಗೋಲಿ ಇಟ್ಟು ಮಾತನಾಡಿಸುವುದಂತೂ ಅಪಾಯ. ಅದು ಶ್ವಾಸನಾಳಕ್ಕೆ ಜಾರಿದರೆ ಪ್ರಾಣಕ್ಕೇ ಕುತ್ತು.

ಹಾಗಾದರೆ ಸಂಗೀತ ಪಾಠಕ್ಕೆ ಸೇರಿಸಿದರೆ ಸಾಕೆ? ಸಾಲದು. ಹಾಡು ನಿಂತು ಮಾತು ಆರಂಭವಾದೊಡನೆ ಉಗ್ಗು ಸಾಮಾನ್ಯವಾಗಿ ಮರಳುತ್ತದೆ. ಸಂಗೀತದಿಂದ ಧೈರ್ಯ ಬರಬಹುದು, ಅದೇ ಚಿಕಿತ್ಸೆಯಲ್ಲ. ಆದರೆ ಹಾಡಿನ ಕೆಲವು ಗುಣಗಳನ್ನು, ಅಂದರೆ ಮೃದುವಾಗಿ ಆರಂಭಿಸುವುದು, ಸ್ವರವನ್ನು ಕೊಂಚ ಎಳೆಯುವುದು, ಇವನ್ನು ವಾಕ್ ತಜ್ಞರು ಮಾತಿಗೆ ಅಳವಡಿಸಿ ಅಭ್ಯಾಸ ಮಾಡಿಸುತ್ತಾರೆ.

ಉಗ್ಗು ಹೆಚ್ಚಾಗಿ 2ರಿಂದ 5 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಬರುತ್ತದೆ. ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಸುಮಾರು ಒಬ್ಬರಿಗೆ.

ಮನೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟು: ಮಗು ತಡವರಿಸಿದಾಗ ಪದವನ್ನು ನೀವೇ ಪೂರ್ತಿಮಾಡಬೇಡಿ. ‘ನಿಧಾನ, ಇನ್ನೊಮ್ಮೆ ಹೇಳು’ ಎನ್ನುವ ಬದಲು ನೀವೇ ನಿಧಾನವಾಗಿ ಮಾತನಾಡಿ. ಹೇಗೆ ಹೇಳಿತು ಎನ್ನುವುದಕ್ಕಿಂತ ಏನು ಹೇಳಿತು ಎಂಬುದಕ್ಕೆ ಕಿವಿಗೊಡಿ. ನೆಂಟರ ಮುಂದೆ ಅಣಕಿಸಬೇಡಿ, ಬಲವಂತವಾಗಿ ಮಾತನಾಡಿಸಲೂ ಬೇಡಿ. ಶಾಲೆಯ ಉಪಾಧ್ಯಾಯರಿಗೂ ವಿಷಯ ತಿಳಿಸಿ.

ಉಗ್ಗು 6 ತಿಂಗಳಾದರೂ ಕಡಿಮೆಯಾಗದಿದ್ದರೆ, ಮಾತನಾಡುವಾಗ ಮುಖ ಬಿಗಿಯುತ್ತಿದ್ದರೆ, ಮಗು ಮಾತನ್ನೇ ತಪ್ಪಿಸುತ್ತಿದ್ದರೆ ಅಥವಾ ಮನೆತನದಲ್ಲಿ ಉಗ್ಗು ಉಳಿದವರಿದ್ದರೆ ವಾಕ್ ತಜ್ಞರನ್ನು ಕಾಣಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆಯುಂಟು. ದೊಡ್ಡವರಲ್ಲಿ ಇದ್ದಕ್ಕಿದ್ದಂತೆ ಮಾತು ತೊದಲಿದರೆ ಮಾತ್ರ ಕಾಯಬೇಡಿ. ಅದು ಪಾರ್ಶ್ವವಾಯುವಿನ ಸೂಚನೆ ಇರಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.